ಗರ್ಭಚೀಲ ತೆಗೆಸುವ ಮೊದಲು: ನಾಲ್ಕು ಮಿಲಿಮೀಟರಿನ ಲೆಕ್ಕ

ಮುಟ್ಟು ನಿಂತು ನಾಲ್ಕೈದು ವರ್ಷವಾದ ಹೆಣ್ಣುಮಗಳಿಗೆ ಒಂದು ದಿನ ಸೀರೆಯ ಮೇಲೆ ಕಲೆ ಕಾಣುತ್ತದೆ. ಕಲಬುರಗಿ ಸೀಮೆಯಲ್ಲಿ ಅದಕ್ಕೆ ಮನೆಯಲ್ಲಿ ಸಿಗುವ ಉತ್ತರ, "ಉಷ್ಣ ಆಗ್ಯಾದ, ಮಜ್ಜಿಗಿ ಕುಡಿ." ಅದರಿಂದ ಕಡಿಮೆಯಾಗದೆ ತಾಲ್ಲೂಕು ಊರಿನ ಯಾವುದಾದರೂ ನರ್ಸಿಂಗ್ ಹೋಮಿಗೆ ಹೋದರೆ, "ಚೀಲ ಕೆಟ್ಟದ, ತೆಗಿಸಿಬಿಡ್ರಿ, ಇಲ್ಲಂದ್ರ ಕ್ಯಾನ್ಸರ್ ಆಗ್ತದ" ಅನ್ನುವವರೂ ಸಿಗುತ್ತಾರೆ. ಮಜ್ಜಿಗೆಯ ದಾರಿಯಲ್ಲಿ ಕ್ಯಾನ್ಸರಿಗೆ ಆರು ತಿಂಗಳು ಬೆಳೆಯಲು ಬಿಟ್ಟಂತಾಗುತ್ತದೆ. ಚೀಲ ತೆಗೆಸುವ ದಾರಿಯಲ್ಲಿ ಏನೂ ಇಲ್ಲದ ಗರ್ಭಚೀಲವೂ ಹೋಗುತ್ತದೆ. ನಿಜವಾಗಿ ಕ್ಯಾನ್ಸರ್ ಇದ್ದರೆ ಆಪರೇಷನ್ ಅರೆಬರೆಯಾಗುತ್ತದೆ. ಈ ಎರಡರ ನಡುವೆ ಮಾಡಿಸಬೇಕಾದ ಪರೀಕ್ಷೆಗಳಿವೆ. ಹೆಚ್ಚಿನವಕ್ಕೆ ಕೊಯ್ಯುವುದೂ ಬೇಡ, ಅರಿವಳಿಕೆಯೂ ಬೇಡ. ಯಾರಿಗೆ ಯಾವ ಪರೀಕ್ಷೆ, ಅದರ ಉತ್ತರವನ್ನು ಎಷ್ಟು ನಂಬಬೇಕು ಅನ್ನುವುದನ್ನು ಇಲ್ಲಿ ಬಿಡಿಸಿ ಹೇಳುತ್ತೇವೆ.

ಮೊದಲು ಒಂದು ಗೊಂದಲ ತಿಳಿಯಾಗಬೇಕು. ಗರ್ಭಚೀಲವನ್ನು ಬಾಯಿ ಕೆಳಗೆ ಮಾಡಿ ಹಿಡಿದ ಸಣ್ಣ ತಂಬಿಗೆ ಅಂದುಕೊಳ್ಳಿ. ತಂಬಿಗೆಯ ಕೊರಳಿಗೆ ಬರುವ ಕ್ಯಾನ್ಸರ್ ಬೇರೆ, ಒಳಮೈಗೆ ಬರುವ ಕ್ಯಾನ್ಸರ್ ಬೇರೆ. ಕೊರಳಿನ ಕ್ಯಾನ್ಸರಿಗೆ ಎಚ್.ಪಿ.ವಿ. ವೈರಸ್ ಕಾರಣ. ಸರ್ಕಾರದ ಕಾರ್ಯಕ್ರಮದಲ್ಲಿ 30 ದಾಟಿದವರಿಗೆ ಆರೋಗ್ಯ ಕೇಂದ್ರದಲ್ಲಿ ಅಸಿಟಿಕ್ ಆಮ್ಲ ಹಚ್ಚಿ ಒಂದು ನಿಮಿಷ ಬಿಟ್ಟು ನೋಡುತ್ತಾರಲ್ಲ, ಅದು ಕೊರಳಿನ ಪರೀಕ್ಷೆ. ಪ್ಯಾಪ್ ಸ್ಮಿಯರ್ ಕೂಡ ಅದಕ್ಕೇ ಇರುವುದು. ಒಳಪದರದ ಕ್ಯಾನ್ಸರಿನ ಕೋಶಗಳು ಪ್ಯಾಪ್ ಸ್ಮಿಯರಿನಲ್ಲಿ ಸಿಕ್ಕರೆ ಅದೃಷ್ಟ, ಅರ್ಧಕ್ಕರ್ಧ ಸಲ ಸಿಗುವುದೇ ಇಲ್ಲ. ಹಾಗಾಗಿ "ಕ್ಯಾಂಪಿನಾಗ ಚೆಕ್ ಮಾಡಿಸೀನಿ, ಏನೂ ಇಲ್ಲ ಅಂದಾರ" ಅನ್ನುವ ಮಾತು ಕೊರಳಿಗಷ್ಟೇ ಅನ್ವಯ. ಒಳಪದರವನ್ನು ಆ ದಿನ ಯಾರೂ ನೋಡಿಲ್ಲ.

ಈ ಒಳಪದರಕ್ಕೆ ಎಂಡೋಮೆಟ್ರಿಯಂ ಎಂದು ಹೆಸರು. ಈಸ್ಟ್ರೋಜನ್ ಎಂಬ ಹಾರ್ಮೋನ್ ಅದನ್ನು ಬೆಳೆಸುತ್ತದೆ. ಅಂಡಾಶಯದಿಂದ ತತ್ತಿ ಹೊರಬಿದ್ದ ಮೇಲೆ ಬರುವ ಪ್ರೊಜೆಸ್ಟರಾನ್ ಆ ಬೆಳವಣಿಗೆಯನ್ನು ಹದಕ್ಕೆ ತಂದು, ಮುಟ್ಟಿನಲ್ಲಿ ಒಮ್ಮೆಗೇ ಉದುರುವಂತೆ ಮಾಡುತ್ತದೆ. ಮಳೆ ಬಿದ್ದೇ ಬೀಳುತ್ತಿದೆ, ಎಡೆಕುಂಟೆ ಮಾತ್ರ ಹೊಡೆದಿಲ್ಲ ಅಂದರೆ ತೊಗರಿ ಹೊಲದಲ್ಲಿ ಏನಾಗುತ್ತದೋ, ಪ್ರೊಜೆಸ್ಟರಾನ್ ಇಲ್ಲದೆ ಬರೀ ಈಸ್ಟ್ರೋಜನ್ ಸಿಕ್ಕ ಒಳಪದರದಲ್ಲೂ ಅದೇ ಆಗುತ್ತದೆ. ಮೊದಲು ಪದರ ಮಿತಿಮೀರಿ ದಪ್ಪವಾಗುತ್ತದೆ, ಇದು ಹೈಪರ್‌ಪ್ಲೇಸಿಯಾ. ಅದರಲ್ಲಿ ಕೆಲವರದ್ದು ಮುಂದೆ ಕ್ಯಾನ್ಸರಾಗುತ್ತದೆ. ಹೆಚ್ಚಿನ ಅಪಾಯ ಯಾರಿಗೆ ಅನ್ನುವುದಕ್ಕೆ ಬಹುಪಾಲು ಉತ್ತರ ಇಲ್ಲೇ ಇದೆ.

ಮೈತೂಕ ಇವುಗಳಲ್ಲಿ ದೊಡ್ಡದು, ಏಕೆಂದರೆ ಮುಟ್ಟು ನಿಂತ ಮೇಲೂ ಮೈಯ ಕೊಬ್ಬು ಈಸ್ಟ್ರೋಜನ್ ತಯಾರಿಸುತ್ತಲೇ ಇರುತ್ತದೆ. ತೂಕವನ್ನು ಕಿಲೋದಲ್ಲಿ ಬರೆದು, ಮೀಟರಿನಲ್ಲಿ ಅಳೆದ ಎತ್ತರದಿಂದ ಎರಡು ಸಲ ಭಾಗಿಸಿ. 150 ಸೆಂಟಿಮೀಟರ್ ಎತ್ತರ, 68 ಕಿಲೋ ತೂಕ ಇದ್ದವರಿಗೆ 30 ಬರುತ್ತದೆ. ಈ ಅಂಕಿ 30 ದಾಟಿದರೆ ಅಪಾಯ ಎರಡು ಮೂರು ಪಟ್ಟು, 40 ದಾಟಿದರೆ ಸುಮಾರು ಏಳು ಪಟ್ಟು. ಸಕ್ಕರೆ ಕಾಯಿಲೆಯಿಂದ ಸುಮಾರು ಎರಡು ಪಟ್ಟು, ತತ್ತಿ ಸರಿಯಾಗಿ ಹೊರಬೀಳದೆ ಮುಟ್ಟು ತಪ್ಪುವ ಪಿ.ಸಿ.ಓ.ಎಸ್.ನಿಂದ ಸುಮಾರು ಮೂರು ಪಟ್ಟು. ಸ್ತನ ಕ್ಯಾನ್ಸರಿಗೆ ಟ್ಯಾಮಾಕ್ಸಿಫೆನ್ ಮಾತ್ರೆ ತೆಗೆದುಕೊಳ್ಳುವವರಲ್ಲಿ ಮುಟ್ಟು ನಿಂತವರಿಗೆ ಎರಡರಿಂದ ನಾಲ್ಕು ಪಟ್ಟು. ಮಕ್ಕಳಾಗದವರು, ಬಹಳ ಬೇಗ ಮೈನೆರೆದು ಬಹಳ ತಡವಾಗಿ ಮುಟ್ಟು ನಿಂತವರೂ ಈ ಸಾಲಿಗೇ ಸೇರುತ್ತಾರೆ. ಎಲ್ಲಕ್ಕಿಂತ ಮೇಲಿರುವುದು ವಂಶದಲ್ಲಿ ಇಳಿದು ಬರುವ ಲಿಂಚ್ ಸಿಂಡ್ರೋಮ್. ಅದು ಇದ್ದವರಲ್ಲಿ, ಯಾವ ಜೀನ್ ಕೆಟ್ಟಿದೆ ಅನ್ನುವುದರ ಮೇಲೆ, ಜೀವಮಾನದಲ್ಲಿ ನೂರಕ್ಕೆ 13ರಿಂದ 50 ಮಂದಿಗೆ ಈ ಕ್ಯಾನ್ಸರ್ ಬರಬಹುದು. ಲಿಂಚ್‌ನ ಮಾತು ಕೊನೆಗೆ ಬರುತ್ತದೆ, ಅಲ್ಲಿ ಲೆಕ್ಕವೇ ಬೇರೆ.

ಅಂದಮೇಲೆ ಅಪಾಯ ಇರುವವರಿಗೆಲ್ಲ ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಬಿಟ್ಟರೆ ಆಗದೇ? ಲೆಕ್ಕ ಹಾಕಿ ನೋಡೋಣ. ಒಂದು ಪರೀಕ್ಷೆ ಕಾಯಿಲೆ ಇದ್ದ ನೂರು ಜನರಲ್ಲಿ 90 ಜನರನ್ನು ಹಿಡಿಯುತ್ತದೆ, ಇಲ್ಲದ ನೂರು ಜನರಲ್ಲಿ 90 ಜನರಿಗೆ ಸರಿಯಾಗಿ "ಇಲ್ಲ" ಅನ್ನುತ್ತದೆ ಎಂದುಕೊಳ್ಳಿ. ಏನೂ ತೊಂದರೆ ಇಲ್ಲದ 1000 ಹೆಣ್ಣುಮಕ್ಕಳನ್ನು ತಂದು ಕೂರಿಸಿದೆವು, ಅವರಲ್ಲಿ 10 ಜನರಿಗೆ ಒಳಗೇ ಕ್ಯಾನ್ಸರ್ ಇದೆ. ಪರೀಕ್ಷೆ 9 ಜನರನ್ನು ಹಿಡಿಯಿತು. ಆರೋಗ್ಯವಾಗಿರುವ 990 ಜನರಲ್ಲಿ 99 ಜನರಿಗೂ "ಇದೆ" ಅಂದಿತು. ಅಂದರೆ ಚೀಟಿ ಹಿಡಿದು ಗಾಬರಿಯಾದ 108 ಜನರಲ್ಲಿ 99 ಜನರಿಗೆ ಏನೂ ಇಲ್ಲ. ಅದೇ ಪರೀಕ್ಷೆಯನ್ನು ಮುಟ್ಟು ನಿಂತ ಮೇಲೆ ರಕ್ತ ಕಂಡ 1000 ಜನರಿಗೆ ಮಾಡಿ, ಅವರಲ್ಲಿ 100 ಜನರಿಗೆ ಕ್ಯಾನ್ಸರ್ ಇದ್ದರೆ, "ಇದೆ" ಎಂದು ಬಂದ 180 ಜನರಲ್ಲಿ 90 ಜನರಿಗೆ ನಿಜವಾಗಿಯೂ ಇರುತ್ತದೆ. ಯಂತ್ರವೂ ಅದೇ, ಡಾಕ್ಟರೂ ಅವರೇ, ಉತ್ತರದ ಬೆಲೆ ಮಾತ್ರ ಪೂರಾ ಬೇರೆ. ಲಕ್ಷಣವಿಲ್ಲದ ಸಾಮಾನ್ಯ ಹೆಂಗಸರಿಗೆ ಗರ್ಭಚೀಲದ ಒಳಪದರದ ಸ್ಕ್ರೀನಿಂಗನ್ನು ಯಾವ ದೊಡ್ಡ ವೈದ್ಯಕೀಯ ಸಂಸ್ಥೆಯೂ ಹೇಳದಿರುವುದು ಇದಕ್ಕೇ. ಹಬ್ಬಕ್ಕೊಂದು ರಿಯಾಯಿತಿಯಲ್ಲಿ ಬರುವ "ಫುಲ್ ಬಾಡಿ" ಪ್ಯಾಕೇಜುಗಳಲ್ಲಿ ಗರ್ಭಚೀಲದ ಸೋನೋಗ್ರಫಿ ಸೇರಿಸಿರುವುದನ್ನು ನೋಡಿದರೆ ನಮಗೆ ಭಯವಾಗುತ್ತದೆ, ಆ 99 ಜನರಲ್ಲಿ ಎಷ್ಟು ಜನ ಆಪರೇಷನ್ ಟೇಬಲ್ಲಿಗೆ ಹೋಗುತ್ತಾರೋ ಎಂದು.

ಹಾಗಾಗಿ ಮೊದಲ ಪರೀಕ್ಷೆ ಬಟ್ಟೆಯ ಮೇಲಿನ ಕಲೆಯೇ. ಮುಟ್ಟು ನಿಂತ ಮೇಲೆ ಈ ಕ್ಯಾನ್ಸರ್ ಬಂದವರಲ್ಲಿ ನೂರಕ್ಕೆ ಸುಮಾರು 90 ಜನರಿಗೆ ರಕ್ತಸ್ರಾವ ಆಗಿಯೇ ಆಗಿರುತ್ತದೆ. ತಿರುಗಿಸಿ ನೋಡಿದರೆ, ಹಾಗೆ ರಕ್ತ ಕಂಡವರಲ್ಲಿ ಕ್ಯಾನ್ಸರ್ ಇರುವುದು ನೂರಕ್ಕೆ ಸುಮಾರು 9 ಜನರಿಗೆ. ಉಳಿದವರಿಗೆ ಪದರ ಒಣಗಿ ತೆಳ್ಳಗಾದದ್ದೋ, ಪಾಲಿಪ್ ಅನ್ನುವ ಸಣ್ಣ ಗಂಟೋ ಕಾರಣ. ಮುಟ್ಟು ನಿಂತಿದೆ ಎಂದರೆ ಪೂರ್ತಿ 12 ತಿಂಗಳು ಬಂದಿಲ್ಲ ಎಂದು ಅರ್ಥ. ಆಮೇಲೆ ಒಂದೇ ಒಂದು ಸಲ, ಎರಡೇ ಹನಿ ಬಂದರೂ ಅದು ಲೆಕ್ಕಕ್ಕೆ ಬರುತ್ತದೆ. ಕೆಂಪಗೇ ಇರಬೇಕೆಂದಿಲ್ಲ. ಕಂದು ಕಲೆ, ಮಾಂಸ ತೊಳೆದ ನೀರಿನಂಥ ತೆಳು ಸ್ರಾವ, ಕೆಟ್ಟ ವಾಸನೆಯ ನೀರು, ಇವೂ ಅದೇ. ಬಿಳಿಸೆರಗು ಎಂದು ಹೇಳಿ ಮುಗಿಸುವ ಎಷ್ಟೋ ಹೆಂಗಸರು ಬಣ್ಣ ಹೇಳುವುದೇ ಇಲ್ಲ. ಕೇಳುವ ಆಶಾ ಕಾರ್ಯಕರ್ತೆಯೂ ಹಾಗೇ ಬರೆದುಕೊಂಡು ಹೋಗುತ್ತಾಳೆ. "ಅವ್ವಾ, ಬಟ್ಟಿ ಮ್ಯಾಲ ಯಾವ ಬಣ್ಣ ಬೀಳ್ತದ?" ಎಂದು ಒಂದು ಮಾತು ಹೆಚ್ಚಿಗೆ ಕೇಳಿದರೆ ಸಾಕು. ಮುಟ್ಟು ಇನ್ನೂ ನಡೆಯುತ್ತಿರುವವರಲ್ಲಿ ನೋಡಬೇಕಾದದ್ದು ನಡುನಡುವೆ ಕಾಣುವ ರಕ್ತ, 40-45 ದಾಟಿದ ಮೇಲೆ ವಿಪರೀತವಾದ ಮುಟ್ಟು, ಪಿ.ಸಿ.ಓ.ಎಸ್. ಇರುವವರಲ್ಲಿ ತಿಂಗಳುಗಟ್ಟಲೆ ಬಾರದೆ ಆಮೇಲೆ ಧಾರಾಕಾರ ಬರುವುದು. ವರ್ಷಕ್ಕೆ ನಾಲ್ಕು ಸಲಕ್ಕಿಂತ ಕಡಿಮೆ ಮುಟ್ಟಾಗುವ ಹುಡುಗಿಯರಿಗೆ ಮೂರು ತಿಂಗಳಿಗೊಮ್ಮೆ ಪ್ರೊಜೆಸ್ಟರಾನ್ ಜಾತಿಯ ಮಾತ್ರೆ ಕೊಟ್ಟು ಪದರ ಉದುರಿಸುವುದು ಇದೇ ಅಪಾಯ ತಪ್ಪಿಸಲು. "ಮುಟ್ಟು ಬರದಿದ್ರ ಕಿರಿಕಿರಿ ಇಲ್ಲ, ಛಲೋನೇ ಆತು" ಎಂದು ಬಿಡಬಾರದು.

ಸೋನೋಗ್ರಫಿಯ ಕೋಣೆಯಲ್ಲಿ

ಮುಟ್ಟು ನಿಂತು ರಕ್ತ ಕಂಡವರಿಗೆ ಮುಂದಿನ ಮೆಟ್ಟಿಲು ಸೋನೋಗ್ರಫಿ. ಇದರಲ್ಲಿ ಎರಡು ಬಗೆ. ಹೊಟ್ಟೆಯ ಮೇಲಿಂದ ಮಾಡುವುದಕ್ಕೆ ನೀರು ಕುಡಿದು ಮೂತ್ರ ಕಟ್ಟಿಕೊಂಡು ಕೂರಬೇಕು. ಒಳಗಿನಿಂದ ಮಾಡುವ ಟಿ.ವಿ.ಎಸ್.ಗೆ ಮೂತ್ರ ಮಾಡಿ ಬಂದು ಮಲಗಬೇಕು. ಒಳಪದರ ಅಳೆಯಲು ಬೇಕಾದದ್ದು ಈ ಎರಡನೆಯದು. ಹೊಟ್ಟೆಯ ಮೇಲಿಂದ ಹೋಗುವ ಅಲೆ ಚರ್ಮ, ಕೊಬ್ಬು, ಮೂತ್ರಕೋಶ ದಾಟಿ ಹೋಗಬೇಕು, ಅಷ್ಟು ದೂರದಲ್ಲಿ ಒಂದೆರಡು ಮಿಲಿಮೀಟರ್ ವ್ಯತ್ಯಾಸ ತಿಳಿಯುವುದಿಲ್ಲ. ಅದರಲ್ಲೂ ಅಪಾಯ ಹೆಚ್ಚಿರುವವರು ದಪ್ಪ ಮೈಯವರೇ. ಯಾವ ಬಗೆಯದು ಮಾಡಿದರು ಎಂದು ರಿಪೋರ್ಟಿನ ಮೇಲ್ಭಾಗದಲ್ಲೇ ಬರೆದಿರುತ್ತದೆ. ಅಲ್ಲಿ ಟಿ.ವಿ.ಎಸ್. ಎಂದು ಇಲ್ಲದಿದ್ದರೆ ಒಳಪದರದ ಅಳತೆಯನ್ನು ನೆಚ್ಚಿಕೊಳ್ಳಬೇಡಿ.

ಪ್ರೋಬ್ ಅಂದರೆ ಹೆಬ್ಬೆರಳಿಗಿಂತ ಸ್ವಲ್ಪ ದಪ್ಪನೆಯ ಉದ್ದ ಕಡ್ಡಿ. ಅದಕ್ಕೆ ಹೊಸ ಕಾಂಡೋಮ್ ತೊಡಿಸಿ, ಜೆಲ್ ಹಚ್ಚಿ ಮೆಲ್ಲಗೆ ಯೋನಿಯೊಳಗೆ ಇಡುತ್ತಾರೆ. ಐದು ಹತ್ತು ನಿಮಿಷದ ಕೆಲಸ. ಸೂಜಿಯಿಲ್ಲ, ಗಾಯವಿಲ್ಲ. ಕೋಣೆಯಲ್ಲಿ ಹೆಣ್ಣು ಸಿಬ್ಬಂದಿ ಇರಲಿ ಎಂದು ಕೇಳುವುದು ನಿಮ್ಮ ಹಕ್ಕು. ಮದುವೆಯಾಗದವರಿಗೆ ಹೊಟ್ಟೆಯ ಮೇಲಿಂದ, ಇಲ್ಲವೇ ಒಪ್ಪಿದರೆ ಗುದದ್ವಾರದ ಮೂಲಕ ಮಾಡಬಹುದು. ಪರದೆಯ ಮೇಲೆ ಗರ್ಭಚೀಲ ಬೂದು ಬಣ್ಣದಲ್ಲಿ ಉದ್ದಕ್ಕೆ ಮಲಗಿದಂತೆ ಕಾಣುತ್ತದೆ, ಅದರ ನಟ್ಟನಡುವೆ ಬೆಳ್ಳಗೆ ಒಂದು ಪಟ್ಟಿ. ಆ ಪಟ್ಟಿಯೇ ಒಳಪದರ. ಡಾಕ್ಟರು ಪ್ರೋಬನ್ನು ಆಚೀಚೆ ವಾಲಿಸಿ, ಪಟ್ಟಿ ಕೊರಳಿನಿಂದ ನೆತ್ತಿಯವರೆಗೆ ತುಂಡಾಗದೆ ಒಂದೇ ಗೆರೆಯಾಗಿ ಬಂದಾಗ ಚಿತ್ರ ನಿಲ್ಲಿಸುತ್ತಾರೆ. ಪಟ್ಟಿ ಎಲ್ಲಿ ಅತಿ ದಪ್ಪವಿದೆಯೋ ಅಲ್ಲಿ, ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ನೆಟ್ಟಗೆ, ಎರಡು ಗುರುತು ಇಟ್ಟು ಅಳೆಯುತ್ತಾರೆ. ಪಟ್ಟಿಯ ಸುತ್ತ ಇರುವ ಕಪ್ಪು ಅಂಚು ಸ್ನಾಯು, ಅದನ್ನು ಸೇರಿಸಬಾರದು. ನಡುವೆ ನೀರು ನಿಂತಿದ್ದರೆ ನೀರನ್ನು ಬಿಟ್ಟು ಮುಂದಿನ ಪದರ, ಹಿಂದಿನ ಪದರ ಬೇರೆ ಬೇರೆ ಅಳೆದು ಕೂಡಿಸಬೇಕು. ಸೌತೆಕಾಯಿಯನ್ನು ಓರೆಯಾಗಿ ಹೆಚ್ಚಿದರೆ ಬಿಲ್ಲೆ ಉದ್ದವಾಗುವಂತೆ, ಓರೆಯಾಗಿ ಹಿಡಿದ ಚಿತ್ರದಲ್ಲಿ 4 ಮಿಲಿಮೀಟರ್ ಪದರ 6 ಆಗಿ ಕಾಣಬಲ್ಲದು. ಅವಸರದಲ್ಲಿ ಆಗುವ ತಪ್ಪು ಹೆಚ್ಚಾಗಿ ಇದೇ.

ರಿಪೋರ್ಟಿನಲ್ಲಿ ಇ.ಟಿ. ಎಂದು ಬರೆದ ಅಂಕಿಯೇ ಈ ಅಳತೆ. ಮುಟ್ಟು ನಿಂತು ರಕ್ತ ಕಂಡವರಲ್ಲಿ ಅದು 4 ಮಿಲಿಮೀಟರ್ ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಕ್ಯಾನ್ಸರ್ ಇರುವ ಸಂಭವ ನೂರಕ್ಕೆ ಒಂದಕ್ಕಿಂತ ಕಡಿಮೆ. ಆ ಹೊತ್ತಿಗೆ ಬೇರೆ ಪರೀಕ್ಷೆ ಬೇಡ. 4ಕ್ಕಿಂತ ಹೆಚ್ಚಿದ್ದರೆ ಕ್ಯಾನ್ಸರ್ ಇದೆ ಎಂದಲ್ಲ, ಪದರದ ತುಣುಕು ತೆಗೆದು ನೋಡಬೇಕು ಎಂದಷ್ಟೇ. ಪದರ ಪೂರ್ತಿ ಕಾಣಲೇ ಇಲ್ಲ ಅಂದರೂ, ಗಂಟು ಅಡ್ಡ ಬಂದಿರಲಿ, ಗರ್ಭಚೀಲ ವಾಲಿರಲಿ, ತುಣುಕು ತೆಗೆಯಲೇಬೇಕು. ಪದರ ತೆಳ್ಳಗಿದೆ ಎಂದು ಬಂದ ಮೇಲೂ ರಕ್ತ ಮತ್ತೆ ಮತ್ತೆ ಕಂಡರೆ ಆಗಲೂ ತೆಗೆಯಬೇಕು. ಸೀರಸ್ ಎಂಬ ಉಗ್ರ ಬಗೆಯ ಕ್ಯಾನ್ಸರ್ ತೆಳು ಪದರದಲ್ಲೂ ಹುಟ್ಟಬಲ್ಲದು.

ಈ 4ರ ಗಡಿ ರಕ್ತ ಕಾಣದವರಿಗೆ ಅಲ್ಲ. ಬೇರೆ ಯಾವುದಕ್ಕೋ ಸ್ಕ್ಯಾನ್ ಮಾಡಿಸಿದಾಗ 6 ಅಥವಾ 7 ಮಿಲಿಮೀಟರ್ ಎಂದು ಬಂತು, ರಕ್ತವೇನೂ ಇಲ್ಲ ಅಂದರೆ ಸಾಮಾನ್ಯವಾಗಿ 11 ಮಿಲಿಮೀಟರ್ ದಾಟುವವರೆಗೆ ಅಷ್ಟಕ್ಕೇ ತುಣುಕು ತೆಗೆಯುವುದಿಲ್ಲ. ತೂಕ, ಸಕ್ಕರೆ, ವಂಶ ನೋಡಿ ಡಾಕ್ಟರು ಬೇರೆ ಯೋಚಿಸಬಹುದು. ಮುಟ್ಟು ನಡೆಯುತ್ತಿರುವವರಿಗಂತೂ ಈ ಗಡಿ ಸಲ್ಲುವುದೇ ಇಲ್ಲ, ಅವರಲ್ಲಿ ಮುಟ್ಟು ಮುಗಿದಾಗ 3-4 ಮಿಲಿಮೀಟರ್ ಇದ್ದ ಪದರ ಮುಂದಿನ ಮುಟ್ಟಿನ ಹೊತ್ತಿಗೆ 14-15 ಆಗುವುದು ಸಹಜ. ಅವರು ಸ್ಕ್ಯಾನ್ ಮಾಡಿಸುವುದಾದರೆ ಮುಟ್ಟು ಮುಗಿದ ಕೂಡಲೇ ಮಾಡಿಸಬೇಕು, ಕೊನೆಯ ಮುಟ್ಟಿನ ತಾರೀಖು ಹೇಳಬೇಕು. ಟ್ಯಾಮಾಕ್ಸಿಫೆನ್ ತೆಗೆದುಕೊಳ್ಳುವವರಲ್ಲಿ ಪದರದ ಕೆಳಗೆ ಸಣ್ಣ ಗುಳ್ಳೆಗಳಾಗಿ ಸುಮ್ಮನೇ ದಪ್ಪ ಕಾಣುತ್ತದೆ. ರಕ್ತ ಕಾಣದಿದ್ದರೆ ಅವರಿಗೆ ಪದೇ ಪದೇ ಸ್ಕ್ಯಾನ್ ಮಾಡುವುದರಿಂದ ಗಾಬರಿ ಬಿಟ್ಟು ಬೇರೇನೂ ಸಿಗುವುದಿಲ್ಲ. ಒಂದು ಕಲೆ ಕಂಡರೂ ಮಾತ್ರ ಅದೇ ವಾರ ಬರಬೇಕು, ಮಾತ್ರೆಯನ್ನು ತಾವಾಗಿ ನಿಲ್ಲಿಸಬಾರದು.

ಇನ್ನೊಂದು ಪದ ಇದೆ, "ಬಲ್ಕಿ ಯುಟರಸ್". ನಮ್ಮ ಕಡೆ ಎಷ್ಟೋ ಗರ್ಭಚೀಲಗಳು ಈ ಒಂದು ಪದದ ಮೇಲೆ ಹೋಗಿವೆ. ಅದರ ಅರ್ಥ ಗರ್ಭಚೀಲ ಸ್ವಲ್ಪ ಉಬ್ಬಿದೆ ಎಂದಷ್ಟೇ. ಎರಡು ಮೂರು ಹೆರಿಗೆಯಾದವರಲ್ಲಿ ಅದು ತೀರಾ ಸಾಮಾನ್ಯ. ಕ್ಯಾನ್ಸರಿನ ಗುರುತಲ್ಲ.

ತುಣುಕು ತೆಗೆಯುವುದು

ಇದು ಸ್ಕ್ಯಾನಿನಷ್ಟು ಹಗುರವಾದ ಪರೀಕ್ಷೆಯಲ್ಲ, ಆದರೆ ಇದಿಲ್ಲದೆ ಯಾವ ಸ್ಕ್ಯಾನಿಗೂ ಪೂರ್ತಿ ಅರ್ಥವಿಲ್ಲ. ಪಿಪೆಲ್ ಎಂಬುದು 3 ಮಿಲಿಮೀಟರ್ ದಪ್ಪದ ಪ್ಲಾಸ್ಟಿಕ್ ನಳಿಕೆ, ಒಳಗೊಂದು ಕಡ್ಡಿ. ಗರ್ಭಚೀಲದ ಬಾಯಿಯಿಂದ ಒಳಗೆ ಬಿಟ್ಟು ಕಡ್ಡಿ ಹಿಂದಕ್ಕೆ ಎಳೆದರೆ ಪಿಚಕಾರಿಯಂತೆ ಪದರದ ತುಣುಕುಗಳು ನಳಿಕೆಗೆ ಬರುತ್ತವೆ. ಓ.ಪಿ.ಡಿ.ಯಲ್ಲೇ ಆಗುತ್ತದೆ. ಒಂದೆರಡು ನಿಮಿಷ ಮುಟ್ಟಿನ ಹೊಟ್ಟೆನೋವಿನಂತೆ ಹಿಂಡುತ್ತದೆ, ಅರ್ಧ ಗಂಟೆ ಮಲಗಿ ಬಸ್ ಹತ್ತಬಹುದು. ಮುಟ್ಟು ನಿಂತವರಲ್ಲಿ ತುಣುಕು ಸರಿಯಾಗಿ ಸಿಕ್ಕರೆ ಕ್ಯಾನ್ಸರ್ ತಪ್ಪಿಸಿಕೊಳ್ಳುವುದು ಬಹಳ ಅಪರೂಪ. ಕೆಡುವುದು ಎರಡು ಕಡೆ. ತುಣುಕನ್ನು ನೇರ 10% ಫಾರ್ಮಲಿನ್‌ಗೆ ಹಾಕಬೇಕು, ಸಲೈನಿನಲ್ಲಿ ಇಟ್ಟು ಸಂಜೆವರೆಗೆ ಬಿಟ್ಟರೆ ನಮ್ಮ ಬಿಸಿಲಿಗೆ ಕೋಶಗಳು ಕೊಳೆತು ಪೆಥಾಲಜಿಸ್ಟರಿಗೆ ಏನೂ ಓದಲಾಗುವುದಿಲ್ಲ. ಇನ್ನು, ಪದರ ದಪ್ಪವಿದ್ದೂ ರಿಪೋರ್ಟಿನಲ್ಲಿ "ಸ್ಯಾಂಪಲ್ ಸಾಲದು" ಎಂದು ಬಂದರೆ ಅದನ್ನು ನಾರ್ಮಲ್ ಎಂದು ಓದಬಾರದು. ಮತ್ತೆ ತೆಗೆಯಬೇಕು, ಇಲ್ಲವೇ ಹಿಸ್ಟರೋಸ್ಕೋಪಿಯಲ್ಲಿ, ಅಂದರೆ ಚೀಲದೊಳಗೆ ಸಣ್ಣ ದುರ್ಬೀನು ಬಿಟ್ಟು, ಕಣ್ಣಾರೆ ನೋಡಿ ತೆಗೆಯಬೇಕು. ಪಾಲಿಪ್‌ನೊಳಗೆ ಅಡಗಿದ ಕ್ಯಾನ್ಸರ್ ನಳಿಕೆಗೆ ಸಿಗದೇ ಹೋಗಬಹುದು.

ಕಲಬುರಗಿಯ ಜಿಮ್ಸ್, ಬೀದರಿನ ಬ್ರಿಮ್ಸ್, ಯಾದಗಿರಿಯ ವೈದ್ಯಕೀಯ ಕಾಲೇಜು, ಮೂರೂ ಜಿಲ್ಲೆಗಳಲ್ಲಿ ಸರ್ಕಾರಿ ಬೋಧನಾ ಆಸ್ಪತ್ರೆ ಇದೆ. ಕ್ಯಾನ್ಸರ್ ಖಚಿತವಾದರೆ ಮುಂದಿನದಕ್ಕೆ ಕಲಬುರಗಿಯಲ್ಲೇ ಕಿದ್ವಾಯಿಯ ಪ್ರಾದೇಶಿಕ ಕೇಂದ್ರವಿದೆ. ಹೋಗುವಾಗ ರೇಷನ್ ಕಾರ್ಡು, ಆಧಾರ್, ರೆಫರಲ್ ಚೀಟಿ ಜೊತೆಗಿರಲಿ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ.

ಹೊಸ ಪರೀಕ್ಷೆಗಳು ಎಲ್ಲಿಗೆ ಬಂದಿವೆ

ಒಳಪದರದಿಂದ ಕೋಶಗಳು ಉದುರಿ ಕೆಳಗೆ ಜಾರುತ್ತಲೇ ಇರುತ್ತವೆ. ಯೋನಿಯಲ್ಲಿ ಸಿಗುವ ದ್ರವದಲ್ಲಿ, ಮೂತ್ರದಲ್ಲಿ ಕೂಡ ಅವುಗಳ ಕುರುಹು ಇರುತ್ತದೆ. ಹಾಗಾದರೆ ಕೆಳಗೇ ಹಿಡಿಯಬಹುದಲ್ಲ ಎಂಬ ಯೋಚನೆಯ ಮೇಲೆ ಹತ್ತು ವರ್ಷಗಳಿಂದ ಒಳ್ಳೆಯ ಕೆಲಸ ನಡೆದಿದೆ. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಸಂಶೋಧಕರು 2018ರಲ್ಲಿ ಪ್ರಕಟಿಸಿದ ಪ್ಯಾಪ್‌ಸೀಕ್ ಪ್ರಯೋಗದಲ್ಲಿ, ಪ್ಯಾಪ್ ಸ್ಮಿಯರಿನ ಬ್ರಷ್‌ನಲ್ಲಿ ಸಿಕ್ಕ ಡಿ.ಎನ್.ಎ.ಯ ಬದಲಾವಣೆಗಳನ್ನು ಹುಡುಕಿ ಒಳಪದರದ ಕ್ಯಾನ್ಸರುಗಳಲ್ಲಿ ನೂರಕ್ಕೆ 81ನ್ನು ಹಿಡಿದರು. ಇಂಗ್ಲೆಂಡಿನ ಮ್ಯಾಂಚೆಸ್ಟರಿನವರು 2021ರಲ್ಲಿ ಹೆಂಗಸರೇ ಕೊಟ್ಟ ಮೂತ್ರದಲ್ಲಿ ಮತ್ತು ಯೋನಿಯ ದ್ರವದಲ್ಲಿ ಕ್ಯಾನ್ಸರ್ ಕೋಶಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ನೂರಕ್ಕೆ ಸುಮಾರು 92 ಹಿಡಿದರು. ಲಂಡನ್ನಿನ ಇನ್ನೊಂದು ತಂಡ 2023ರಲ್ಲಿ ತೋರಿಸಿದ್ದು ಮೆಥೈಲೇಶನ್ ಪರೀಕ್ಷೆ. ಜೀನ್‌ನ ಅಕ್ಷರ ಬದಲಾಗದೆ ಅದರ ಮೇಲೆ ಬೀಳುವ ರಾಸಾಯನಿಕ ಮುದ್ರೆಗೆ ಮೆಥೈಲೇಶನ್ ಅನ್ನುತ್ತಾರೆ. ಎರಡು ಜೀನ್‌ಗಳ ಮೇಲಿನ ಮುದ್ರೆಯನ್ನು ಒಂದು ಹತ್ತಿಕಡ್ಡಿಯ ಸ್ಯಾಂಪಲ್ಲಿನಲ್ಲಿ ಅಳೆದು ನೂರಕ್ಕೆ ಸುಮಾರು 90 ಕ್ಯಾನ್ಸರ್ ಗುರುತಿಸಿದರು. ಮುಖ್ಯವಾಗಿ, ಸುಮ್ಮನೇ ಗಾಬರಿಗೊಳಿಸುವ ಉತ್ತರಗಳು ಸೋನೋಗ್ರಫಿಗಿಂತ ಬಹಳ ಕಡಿಮೆ ಇದ್ದವು.

ಇವು ನಮ್ಮ ದವಾಖಾನೆಗಳಲ್ಲಿ ದಿನನಿತ್ಯದ ಪರೀಕ್ಷೆಗಳಾಗಿಲ್ಲ, ಹೆಚ್ಚಿನವನ್ನು ರಕ್ತ ಕಂಡ ಹೆಂಗಸರಲ್ಲೋ, ಕ್ಯಾನ್ಸರ್ ಇದೆ ಎಂದು ಮೊದಲೇ ಗೊತ್ತಿದ್ದವರಲ್ಲೋ ನೋಡಿದ್ದು. ಆದರೂ ಇವುಗಳ ಮೇಲೆ ನಮಗೆ ನಿಜವಾದ ಆಸೆಯಿದೆ. ಪ್ರೋಬ್ ಎಂದರೆ ನಾಚಿ ವಾಪಸ್ ಹೋಗುವ ಹೆಣ್ಣುಮಗಳು ಹತ್ತಿಕಡ್ಡಿಯ ಸ್ಯಾಂಪಲ್ಲನ್ನು ತಾನೇ ತೆಗೆದು ತಾಂಡಾದಿಂದಲೇ ಕಳಿಸುವಂತಾದರೆ ಬಹಳ ದೊಡ್ಡ ಕೆಲಸವಾದಂತೆ. ಮೂತ್ರಕ್ಕೆ ಮಾತ್ರ ಬೇಸಿಗೆ ಅಡ್ಡಿ. ಅದರಲ್ಲಿನ ಕೋಶಗಳು ಗಂಟೆಗಳಲ್ಲೇ ಕೆಡುತ್ತವೆ, 40 ಡಿಗ್ರಿ ದಾಟುವ ಕಲಬುರಗಿಯಲ್ಲಿ ಕೆಡದಂತೆ ಇಡುವ ದ್ರಾವಣವಿಲ್ಲದೆ ಲ್ಯಾಬಿಗೆ ಮುಟ್ಟಿಸಲಾಗದು. ಇನ್ನು ರಕ್ತದ ಸಿ.ಎ. 125 ಪರೀಕ್ಷೆಯನ್ನು ಗರ್ಭಚೀಲದ ಕ್ಯಾನ್ಸರ್ ಚೆಕ್ ಎಂದು ಹೇಳಿ ಮಾಡುವವರಿದ್ದಾರೆ. ಗಂಟು, ಸೋಂಕು, ಮುಟ್ಟು, ಎಲ್ಲದರಲ್ಲೂ ಅದು ಏರುತ್ತದೆ. ಸ್ಕ್ರೀನಿಂಗಿಗೆ ಕೆಲಸಕ್ಕೆ ಬಾರದು.

ಕಾಗದ ಕೇಳಿ

ಕಲಬುರಗಿ ಜಿಲ್ಲೆಯ ತಾಂಡಾಗಳಲ್ಲಿ ಲಂಬಾಣಿ ಮತ್ತು ದಲಿತ ಹೆಣ್ಣುಮಕ್ಕಳ ಗರ್ಭಚೀಲಗಳನ್ನು ಅನಗತ್ಯವಾಗಿ ತೆಗೆದದ್ದು 2015ರ ಹೊತ್ತಿಗೆ ಬಯಲಾಗಿ, ಸರ್ಕಾರ ತನಿಖೆ ನಡೆಸಬೇಕಾಯಿತು. ಅವರಲ್ಲಿ ಎಷ್ಟೋ ಜನ 40 ಕೂಡ ದಾಟಿರಲಿಲ್ಲ. ಬಿಳಿಸೆರಗು, ಹೊಟ್ಟೆನೋವು ಎಂದು ಹೋದವರಿಗೆ ಕ್ಯಾನ್ಸರಿನ ಹೆದರಿಕೆ ತೋರಿಸಿ ಮಾಡಿದ ಕೆಲಸ ಅದು. ಕೇಂದ್ರ ಆರೋಗ್ಯ ಸಚಿವಾಲಯ 2022ರಲ್ಲಿ ಇಂಥ ಆಪರೇಷನ್ ತಡೆಯಲು ಮಾರ್ಗಸೂಚಿ ಹೊರಡಿಸಿತು, 2023ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ಜಾರಿಗೆ ತರಲು ರಾಜ್ಯಗಳಿಗೆ ಮೂರು ತಿಂಗಳ ಗಡುವು ಕೊಟ್ಟಿತು.

"ಕ್ಯಾನ್ಸರ್ ಅದ" ಎಂದು ಯಾರೇ ಹೇಳಲಿ, ಬಯಾಪ್ಸಿಯ, ಅಂದರೆ ತುಣುಕಿನ ಪರೀಕ್ಷೆಯ, ಕಾಗದ ಕೇಳಿ. ಸೋನೋಗ್ರಫಿಯ ಕಾಗದ ಸಾಲದು. ಬಯಾಪ್ಸಿಯಲ್ಲಿ ಕ್ಯಾನ್ಸರ್ ಎಂದು ಬಂದರೆ ಆಪರೇಷನ್ ಬೇರೆಯೇ ಆಗುತ್ತದೆ. ಚೀಲವನ್ನು ತುಂಡು ಮಾಡದೆ ಇಡಿಯಾಗಿ ತೆಗೆಯಬೇಕು, ಜೊತೆಗೆ ಸಾಮಾನ್ಯವಾಗಿ ಎರಡೂ ಅಂಡನಾಳ, ಅಂಡಾಶಯ, ಬೇಕಾದರೆ ದುಗ್ಧರಸ ಗ್ರಂಥಿಗಳನ್ನೂ (ಲಿಂಫ್ ನೋಡ್) ತೆಗೆದು ಪರೀಕ್ಷೆಗೆ ಕಳಿಸಬೇಕು. ಗೊತ್ತಿಲ್ಲದೆ ಬರೀ ಚೀಲ ತೆಗೆದ ಮೇಲೆ ಕ್ಯಾನ್ಸರ್ ಎಂದು ತಿಳಿದರೆ ರೋಗ ಎಲ್ಲಿಯವರೆಗೆ ಹೋಗಿದೆ ಎಂದು ತಿಳಿಯಲು ಇನ್ನೊಂದು ಸಲ ಹೊಟ್ಟೆ ತೆರೆಯಬೇಕಾಗಬಹುದು. ಬಯಾಪ್ಸಿಯಲ್ಲಿ ಏನೂ ಇಲ್ಲ ಎಂದು ಬಂದರೆ ರಕ್ತಸ್ರಾವಕ್ಕೆ ಮಾತ್ರೆ ಇದೆ, ಒಳಗೆ ಹಾರ್ಮೋನ್ ಇರುವ ಕಾಪರ್-ಟಿಯಂಥ ಸಾಧನ ಇದೆ. 35ರಲ್ಲಿ ಅಂಡಾಶಯವನ್ನೂ ತೆಗೆದರೆ ಮೂಳೆ, ಹೃದಯ ಎರಡಕ್ಕೂ ಪೆಟ್ಟು.

ಬೇಗನೆ ಗರ್ಭಚೀಲ ತೆಗೆಸುವುದು ನಿಜಕ್ಕೂ ಸರಿಯಾಗುವ ಕುಟುಂಬಗಳೂ ಇವೆ, ಅವು ಲಿಂಚ್ ಇರುವ ಕುಟುಂಬಗಳು. ಒಂದೇ ಕಡೆಯ ರಕ್ತಸಂಬಂಧದಲ್ಲಿ ಮೂವರಿಗೆ ದೊಡ್ಡ ಕರುಳಿನ ಇಲ್ಲವೇ ಗರ್ಭಚೀಲದ ಕ್ಯಾನ್ಸರ್, ಅದು ಎರಡು ತಲೆಮಾರಿನಲ್ಲಿ, ಒಬ್ಬರಿಗಾದರೂ 50ರ ಒಳಗೆ ಬಂದಿದ್ದರೆ ಅನುಮಾನ ಪಡಬೇಕು. ಹೆಣ್ಣುಮಕ್ಕಳ ಕಾಯಿಲೆ ಎಂದು ಹೆಣ್ಣುಮಕ್ಕಳನ್ನಷ್ಟೇ ಕೇಳಬಾರದು. ಸೋದರಮಾವ, ಅಜ್ಜ, ಕಾಕಾ ಯಾರಾದರೂ ಕರುಳಿನ ಕ್ಯಾನ್ಸರಿನಲ್ಲಿ ಹೋದರೇ ಎಂದು ಕೇಳಬೇಕು. ಕೆಟ್ಟ ಜೀನ್ ತಂದೆಯಿಂದಾಗಲೀ ತಾಯಿಯಿಂದಾಗಲೀ ಪ್ರತಿ ಮಗುವಿಗೂ ಅರ್ಧಕ್ಕರ್ಧ ಸಂಭವದಲ್ಲಿ ಇಳಿಯುತ್ತದೆ. ಸೋದರಮಾವನಿಗೋ ಅತ್ತೆಯ ಮಗನಿಗೋ ಕೊಡುವ ನಮ್ಮ ಕಡೆಯ ಮದುವೆಗಳಲ್ಲಿ ಗಂಡ ಹೆಂಡತಿ ಇಬ್ಬರಲ್ಲೂ ಅದೇ ಜೀನ್ ಇದ್ದುಬಿಟ್ಟರೆ, ಎರಡೂ ಕಡೆಯಿಂದ ಪಡೆದ ಮಗುವಿಗೆ ಎಳವೆಯಲ್ಲೇ ಕ್ಯಾನ್ಸರ್ ಬರಬಹುದು. ಲಿಂಚ್ ಖಚಿತವಾದವರಿಗೆ ಬರೀ ಸೋನೋಗ್ರಫಿ ಸಾಲದು, ಅವರಲ್ಲಿ ಎಷ್ಟೋ ಜನರಿಗೆ ಮುಟ್ಟು ನಡೆಯುತ್ತಿರುವಾಗಲೇ ಕ್ಯಾನ್ಸರ್ ಬರುತ್ತದೆ, ಆಗ ಪದರದ ದಪ್ಪ ಏನನ್ನೂ ಹೇಳುವುದಿಲ್ಲ. 30-35ರಿಂದ ಒಂದೆರಡು ವರ್ಷಕ್ಕೊಮ್ಮೆ ಪಿಪೆಲ್‌ನಿಂದ ತುಣುಕು ತೆಗೆಸುವುದು, ಮಕ್ಕಳಾಗುವುದು ಮುಗಿದ ಮೇಲೆ 40ರ ಆಸುಪಾಸಿನಲ್ಲಿ ಆಪರೇಷನ್ ಬಗ್ಗೆ ಕ್ಯಾನ್ಸರ್ ತಜ್ಞರೊಂದಿಗೆ ಕೂತು ಮಾತಾಡುವುದು ಅವರ ದಾರಿ.

ಲಿಂಚ್ ಇದೆಯೇ ಎಂದು ತಿಳಿಯಲು ಮೊದಲು ಬೇಕಾದದ್ದು ಕಾಯಿಲೆಯಾದವರ ಗಡ್ಡೆಯ ತುಣುಕು. ಅದನ್ನು ಮೇಣದ ಸಣ್ಣ ಬ್ಲಾಕಿನಲ್ಲಿ ಕೂರಿಸಿ ಪೆಥಾಲಜಿ ವಿಭಾಗದಲ್ಲಿ ಇಟ್ಟಿರುತ್ತಾರೆ. ಅದರ ಮೇಲೆ ನಾಲ್ಕು ಪ್ರೋಟೀನ್‌ಗಳ ಪರೀಕ್ಷೆ ಮಾಡಿ, ಒಂದು ಕಾಣೆಯಾಗಿದ್ದರೆ ಆಮೇಲೆ ರಕ್ತದ ಜೀನ್ ಪರೀಕ್ಷೆ. ತಾಯಿಯ ಆಪರೇಷನ್ ಸೊಲ್ಲಾಪುರದಲ್ಲೋ ಹೈದರಾಬಾದಿನಲ್ಲೋ ಆಗಿದ್ದರೂ ರಿಪೋರ್ಟಿನಲ್ಲಿ ಬ್ಲಾಕಿನ ನಂಬರ್ ಇರುತ್ತದೆ. ಅದನ್ನು ಹಿಡಿದು ಹೋಗಿ, ಸಹಿ ಮಾಡಿ ಬ್ಲಾಕ್ ತರಬಹುದು. ಮೇಣ ಕರಗುತ್ತದೆ, ಬೇಸಿಗೆಯಲ್ಲಿ ಗಾಡಿಯ ಡಿಕ್ಕಿಯಲ್ಲಿ ಇಡಬೇಡಿ, ಕೈಚೀಲದಲ್ಲಿ ನೆರಳಿಗೆ ಇಟ್ಟುಕೊಂಡು ತನ್ನಿ.